ಹಳೇ ಕಂಪ್ಯೂಟರಿಗೆ ಹೊಸ ಓಎಸ್: ಮೊದಲು ಪ್ರಿಂಟರ್ ನೋಡಿ, ಆಮೇಲೆ ಹೆಸರು ಕೇಳಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷ ದೂಡಬಹುದು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಚಿಪ್ ಬೇಕೆನ್ನುತ್ತದೆ, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕೆನ್ನುತ್ತದೆ. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮನೆಗಳಲ್ಲಿ ಮಕ್ಕಳ ಓದಿಗೆಂದು ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳು, ಅಣ್ಣ ಬಳಸಿ ತಮ್ಮನಿಗೆ ಬಿಟ್ಟುಕೊಟ್ಟ ಲ್ಯಾಪ್‌ಟಾಪ್‌ಗಳು ಬಹುಪಾಲು ಅದಕ್ಕಿಂತ ಹಿಂದಿನವು. ಅವು ಕೆಟ್ಟಿಲ್ಲ, ನಡೆಯುತ್ತಿವೆ. ಆದರೆ ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಜಾಣತನವಲ್ಲ.

ಇಂಥ ಹೊತ್ತಿನಲ್ಲಿ ಅಂಗಡಿಯವರು ಸಾಮಾನ್ಯವಾಗಿ ಎರಡು ದಾರಿ ತೋರಿಸುತ್ತಾರೆ: ಹೊಸದು ತಗೊಳ್ಳಿ, ಇಲ್ಲವೇ ಹೇಗಾದರೂ ಮಾಡಿ ವಿಂಡೋಸ್ 11 ಹಾಕಿಕೊಡುತ್ತೇವೆ. ಆ 'ಹೇಗಾದರೂ' ಎನ್ನುವುದರ ಹಿಂದೆ ಹೆಚ್ಚಾಗಿ ಕಳ್ಳ ಪ್ರತಿಯೊಂದು, ಅದನ್ನು ಅಸಲಿ ಎಂದು ನಂಬಿಸುವ ಇನ್ನೊಂದು ಪುಟ್ಟ ತಂತ್ರಾಂಶ ಇರುತ್ತವೆ. ಆ ಪುಟ್ಟ ತಂತ್ರಾಂಶದ ಹೊಟ್ಟೆಯೊಳಗೆ ಏನಿದೆಯೆಂದು ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ. ಮೂರನೆಯ ದಾರಿ ಲಿನಕ್ಸ್. ದುಡ್ಡಿಲ್ಲ, ಲೈಸೆನ್ಸ್ ಗೊಡವೆಯಿಲ್ಲ, ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು.

ಲಿನಕ್ಸ್ ಎಂಬ ಹೆಸರಿನ ಒಂದೇ ಪೆಟ್ಟಿಗೆ ಎಲ್ಲೂ ಸಿಗದು ಎಂಬಲ್ಲಿ ಹೊಸಬರ ಗೊಂದಲ ಶುರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ಕರ್ನೆಲ್ ಮಾತ್ರ, ಅಂದರೆ ಯಂತ್ರದ ಬಿಡಿಭಾಗಗಳನ್ನು ದುಡಿಸುವ ತಿರುಳು. ಅದರ ಸುತ್ತ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು, ಮೆನು, ಕಿಟಕಿ, ಬ್ರೌಸರ್, ಆಫೀಸ್ ಎಲ್ಲ ಸೇರಿಸಿ ಕಟ್ಟಿಕೊಟ್ಟದ್ದಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಝೋರಿನ್ ಹೀಗೆ ನೂರಾರು ಇವೆ. ಯಾವುದು ಒಳ್ಳೆಯದೆಂದು ಹುಡುಕಲು ಕೂತರೆ ಒಂದು ರಾತ್ರಿ ಹೋಗುತ್ತದೆ, ಬೆಳಗಾಗುವಾಗ ತಲೆ ಇನ್ನಷ್ಟು ಕೆಟ್ಟಿರುತ್ತದೆ.

ಹಾಗಾಗಿ ಹೆಸರಿನ ಪ್ರಶ್ನೆಯನ್ನು ಕೊನೆಗಿಡುವುದು ಒಳ್ಳೆಯದು. ಮನೆಯಲ್ಲಿ ಯಾವ ಪ್ರಿಂಟರ್ ಇದೆ? ಕನ್ನಡ ಹೇಗೆ ಟೈಪ್ ಮಾಡುತ್ತೀರಿ, ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕಡತಗಳು ಎಷ್ಟಿವೆ? ವಿಂಡೋಸ್ ಬಿಟ್ಟು ಬೇರೆಲ್ಲೂ ಓಡದ ಕೆಲಸ ಯಾವುದಾದರೂ ಇದೆಯೇ? ಇವಕ್ಕೆ ಉತ್ತರ ಸಿಕ್ಕರೆ ಡಿಸ್ಟ್ರೋ ಆರಿಸುವುದು ಹತ್ತು ನಿಮಿಷದ ಮಾತು.

ಪ್ರಿಂಟರಿನಿಂದಲೇ ಶುರು ಮಾಡೋಣ, ಏಕೆಂದರೆ ಲಿನಕ್ಸ್ ಹಾಕಿಸಿದವರು ವಾರದೊಳಗೆ ವಿಂಡೋಸಿಗೆ ಮರಳುವ ಕಾರಣಗಳಲ್ಲಿ ಇದು ದೊಡ್ಡದು. ನಮ್ಮ ಕಡೆಯ ಝೆರಾಕ್ಸ್ ಅಂಗಡಿ, ಸಂಘದ ಕಚೇರಿ, ಶಾಲೆ ಎಲ್ಲಿ ನೋಡಿದರೂ ಕ್ಯಾನನ್ ಎಲ್‌ಬಿಪಿ 2900 ಎಂಬ ಗಟ್ಟಿಮುಟ್ಟು ಲೇಸರ್ ಪ್ರಿಂಟರ್ ಕೂತಿರುತ್ತದೆ. ಕಾಗದ ಎಳೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಮಾತಾಡುವುದು ಕ್ಯಾಪ್ಟ್ ಎಂಬ ಕಂಪನಿಯದೇ ಭಾಷೆಯಲ್ಲಿ. ಲಿನಕ್ಸಿಗೆ ಅದರ ಡ್ರೈವರ್ ಇದ್ದರೂ ಅದು ತಂತಾನೇ ಬಂದು ಕೂರುವುದಿಲ್ಲ. ಹೊರಗಿನಿಂದ ಇಳಿಸಿ, ಟರ್ಮಿನಲ್‌ನಲ್ಲಿ ನಾಲ್ಕಾರು ಆಜ್ಞೆ ಬರೆದು ಒಲಿಸಿಕೊಳ್ಳಬೇಕು. ಹೊಸಬರ ಕೆಲಸವಲ್ಲ ಅದು. ಮನೆಯಲ್ಲಿ 2900 ಇದ್ದು, ದಿನಾ ಪ್ರಿಂಟ್ ತೆಗೆಯುವವರಾದರೆ ವಿಂಡೋಸನ್ನು ಪೂರ್ತಿ ಅಳಿಸುವ ಮಾತು ಸದ್ಯಕ್ಕೆ ಬೇಡ.

ಎಚ್‌ಪಿ ಪ್ರಿಂಟರ್ ಇದ್ದವರು ನಿರಾಳ. ಎಚ್‌ಪಿಲಿಪ್ ಎಂಬ ಡ್ರೈವರ್ ಗುಚ್ಛ ಉಬುಂಟು, ಮಿಂಟ್ ಎರಡರಲ್ಲೂ ಮೊದಲೇ ಇರುತ್ತದೆ. ಲೇಸರ್‌ಜೆಟ್ 1020ರಂಥ ಹಳೆಯ ಮಾದರಿ ಮಾತ್ರ ಮೊದಲ ಸಲ ಇಂಟರ್ನೆಟ್‌ನಿಂದ ಒಂದು ಪ್ಲಗಿನ್ ಕೇಳುತ್ತದೆ. ಒಪ್ಪಿಗೆ ಕೊಟ್ಟರೆ ಇಳಿಸಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಎಪ್ಸನ್‌ನ ಇಂಕ್ ಟ್ಯಾಂಕ್ ಪ್ರಿಂಟರುಗಳೂ ಸಾಮಾನ್ಯವಾಗಿ ತಂಟೆ ಮಾಡುವುದಿಲ್ಲ.

ಇನ್ನು ಕನ್ನಡ. ಈ ಭಾಗದಲ್ಲಿ ಲಿನಕ್ಸ್ ಮಾತೆತ್ತಿದರೆ ಬರುವ ಮೊದಲ ಪ್ರಶ್ನೆ, "ಅದ್ರಾಗ ನುಡಿ ಬರ್ತದೇನ್ರೀ?" ನುಡಿ ಎಂಬ ತಂತ್ರಾಂಶ ವಿಂಡೋಸಿನದು, ಅದು ಬರುವುದಿಲ್ಲ. ಆದರೆ ಬೆರಳಿಗೆ ರೂಢಿಯಾದ ನುಡಿಯ ಕೀಲಿಮಣೆ ಧಾರಾಳವಾಗಿ ಬರುತ್ತದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಮೇಲೆ ನಿಂತ, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ 'ಕಗಪ' ಎಂದೇ ಕರೆಸಿಕೊಳ್ಳುವ ಆ ವಿನ್ಯಾಸ ಲಿನಕ್ಸ್‌ನಲ್ಲಿ ವರ್ಷಗಳಿಂದ ಇದೆ. ಸಾಫ್ಟ್‌ವೇರ್ ಭಂಡಾರದಲ್ಲಿ ಐಬಸ್ ಎಂ17ಎನ್ ಎಂಬ ಪ್ಯಾಕೇಜ್ ಹುಡುಕಿ ಹಾಕಿಕೊಳ್ಳಬೇಕು, ಒಮ್ಮೆ ಲಾಗ್‌ಔಟ್ ಆಗಿ ಬರಬೇಕು, ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂಬುದನ್ನು ಆರಿಸಬೇಕು.

ಸರಿಯಾಗಿ ಕೂತಿದೆಯೇ ಎಂದು ನೋಡಲು 'ಶಿಗ್ಗಾಂವಿ' ಎಂದು ಬರೆದು ನೋಡಿ. ಶಿಫ್ಟ್ ಹಿಡಿದು ಎಸ್, ಆಮೇಲೆ ಐ, ಜಿ. ಒತ್ತಕ್ಷರಕ್ಕೆ ಎಫ್ ಒತ್ತಿ ಮತ್ತೊಂದು ಜಿ. ಶಿಫ್ಟ್ ಜೊತೆ ಎ, ಶಿಫ್ಟ್ ಜೊತೆ ಎಂ, ಕೊನೆಗೆ ವಿ, ಐ. ನುಡಿಯಲ್ಲಿ ಬೆರಳು ಹೇಗೆ ಓಡುತ್ತಿತ್ತೋ ಹಾಗೆಯೇ ಓಡುತ್ತದೆ. ಪಟ್ಟಿಯಲ್ಲಿ 'ಕಗಪ, ಫೊನೆಟಿಕ್' ಎಂಬ ಇನ್ನೊಂದೂ ಕಾಣಿಸಬಹುದು. ಅದು ಐಬಸ್ ಇಲ್ಲದೆಯೇ ನಡೆಯುತ್ತದೆ, ಆದರೆ ಇ, ಉ ಮುಂತಾದ ಬಿಡಿ ಸ್ವರಗಳಿಗೆ ಬಲಗಡೆಯ ಆಲ್ಟ್ ಕೀಲಿಯನ್ನೂ ಹಿಡಿಯಬೇಕಾದ್ದರಿಂದ ನುಡಿ ಕಲಿತವರಿಗೆ ಎಡವಿದಂತಾಗುತ್ತದೆ. ಇಂಗ್ಲಿಷ್ ಉಚ್ಚಾರದಂತೆ ಟೈಪ್ ಮಾಡುವವರಿಗೆ ಐಟ್ರಾನ್ಸ್, ಸರ್ಕಾರಿ ಪರೀಕ್ಷೆಗೆಂದು ಇನ್‌ಸ್ಕ್ರಿಪ್ಟ್ ಕಲಿತವರಿಗೆ ಇನ್‌ಸ್ಕ್ರಿಪ್ಟ್ ಸಹ ಅಲ್ಲೇ ಇವೆ. ಫಾಂಟಿಗೂ ಬರವಿಲ್ಲ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಎಂಬ ಎರಡು ಮುಕ್ತ ಕನ್ನಡ ಫಾಂಟುಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲಿವೆ; ಲೋಹಿತ್, ನೋಟೊ ಬೇರೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳ ಮೆನುಗಳನ್ನೂ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಇದನ್ನೆಲ್ಲ ಸಂಬಳಕ್ಕಿಂತ ಹೆಚ್ಚಾಗಿ ಆಸ್ಥೆಯಿಂದ ಮಾಡಿದವರ ಸಣ್ಣ ಗುಂಪೊಂದು ಕನ್ನಡದಲ್ಲಿದೆ. ಸಂಚಯ ಬಳಗದ ಓಂಶಿವಪ್ರಕಾಶ್ 'ಲಿನಕ್ಸಾಯಣ' ಎಂಬ ಹೆಸರಿನಲ್ಲಿ ಈ ವಿಷಯವನ್ನು ಕನ್ನಡದಲ್ಲೇ ಬರೆದವರು.

ತೊಡಕು ಇರುವುದು ಹಳೆಯ ಕಡತಗಳಲ್ಲಿ. 'ನುಡಿ 01 ಇ'ಯಂಥ ಫಾಂಟಿನಲ್ಲಿ ಬರೆದ ದಾಖಲೆಯೊಳಗೆ ಇರುವುದು ನಿಜದಲ್ಲಿ ಇಂಗ್ಲಿಷ್ ಸಂಕೇತಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿಸಿರುತ್ತದೆ, ಅಷ್ಟೇ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚುತ್ತದೆ. ಸಂಘದ ಠರಾವು, ಮದುವೆ ಪತ್ರಿಕೆ, ಗದ್ದೆಯ ಕರಾರು ಎಲ್ಲವೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಗಾಬರಿ ಬೇಡ. ವಿಂಡೋಸ್ ಅಳಿಸುವ ಮೊದಲು ಅದರ ಫಾಂಟ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ಎತ್ತಿಕೊಳ್ಳಿ. ಲಿನಕ್ಸ್‌ನಲ್ಲಿ ಆ ಫಾಂಟ್ ಕಡತದ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಅಂದರೆ ಹಳೆಯ ದಾಖಲೆ ಮತ್ತೆ ಕನ್ನಡವಾಗುತ್ತದೆ. ಶಾಶ್ವತ ಪರಿಹಾರ ಯೂನಿಕೋಡಿಗೆ ಪರಿವರ್ತಿಸುವುದು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಲಿನಕ್ಸಿಗೆ ಹೋಗದೆ ಇರುವವರೂ ಈ ಕೆಲಸವನ್ನು ಇವತ್ತೇ ಮಾಡಿಟ್ಟುಕೊಳ್ಳಬಹುದು, ನುಡಿಯ ಹಳೆ ಕಡತವನ್ನು ಮೊಬೈಲಿನಲ್ಲಿ ತೆರೆದರೂ ಇದೇ ಗತಿ.

ವಿಂಡೋಸನ್ನೇ ಕೇಳುವ ಕೆಲಸಗಳ ಪಟ್ಟಿ ಚಿಕ್ಕದು, ಆದರೆ ಗಟ್ಟಿ. ಟ್ಯಾಲಿ ವಿಂಡೋಸಿಗಾಗಿಯೇ ಬರೆದದ್ದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಲಿನಕ್ಸ್‌ನಲ್ಲಿ ನಡೆದರೆ ಪುಣ್ಯ, ನಡೆಯದಿದ್ದರೆ ಇಡೀ ದಿನ ತಿನ್ನುತ್ತದೆ. ಆಧಾರ್ ಬೆರಳಚ್ಚು ಸಾಧನದ ಆರ್‌ಡಿ ಸೇವೆ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್ ನೋಡಿಕೊಂಡು ಮಾಡಿದ್ದು. ಆದ್ದರಿಂದ ಗ್ರಾಮ ಒನ್ ಅಥವಾ ಸಿಎಸ್‌ಸಿ ನಡೆಸುವವರು ಆ ಯಂತ್ರದಲ್ಲಿ ವಿಂಡೋಸನ್ನೇ ಇಟ್ಟುಕೊಳ್ಳುವುದು ಲೇಸು. ಪಹಣಿ ನೋಡುವುದು, ಸೇವಾ ಸಿಂಧು ಅರ್ಜಿ, ವಿದ್ಯಾರ್ಥಿವೇತನ, ಯೂಟ್ಯೂಬ್ ಪಾಠ, ಇಮೇಲ್, ಪತ್ರ ಬರೆಯುವುದು, ಇವೆಲ್ಲ ಬ್ರೌಸರ್ ಮತ್ತು ಆಫೀಸಿನ ಕೆಲಸ. ಅವಕ್ಕೆ ಲಿನಕ್ಸ್ ಸಾಕು, ಹಳೆಯ ಯಂತ್ರದಲ್ಲಾದರೆ ವಿಂಡೋಸಿಗಿಂತ ಹಗುರ.

ಈಗ ಹೆಸರಿಗೆ ಬರೋಣ. ಹೊಸಬರಿಗೆ ಈ ಲೇಖನದ ಮೊದಲ ಶಿಫಾರಸು ಲಿನಕ್ಸ್ ಮಿಂಟ್. 2006ರಲ್ಲಿ ಕ್ಲೆಮ್ ಲೆಫೆಬ್ರ್ ಶುರು ಮಾಡಿದ ಇದು ಉಬುಂಟುವಿನ ಅಡಿಪಾಯದ ಮೇಲೆ ನಿಂತಿದೆ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ಕಿಟಕಿ ಮುಚ್ಚುವ ಗುರುತು ಮೇಲೆ ಬಲಕ್ಕೆ, ಹೀಗೆ ವಿಂಡೋಸ್ 7 ಬಳಸಿದ ಕೈಗೆ ಹೊಸದಾಗಿ ಕಲಿಯುವುದು ಕಡಿಮೆ. 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆಂದು ಮಿಂಟ್ ತಂಡ ಹೇಳುತ್ತದೆ, ಆರಾಮವಾಗಿರಲು 4 ಜಿಬಿ ಬೇಕೆಂದೂ ಅವರೇ ಹೇಳುತ್ತಾರೆ. ಇಂದಿನ ಬ್ರೌಸರುಗಳ ಹಸಿವು ನೋಡಿದರೆ ಎರಡನೆಯ ಮಾತೇ ನಿಜ. ಮಿಂಟ್‌ನ ಮೂರು ರೂಪಗಳಲ್ಲಿ ಸಿನಮನ್ ಚಂದ, ಎಕ್ಸ್‌ಎಫ್‌ಸಿಇ ಹಗುರ, ಮಾಟೆ ಇವೆರಡರ ನಡುವೆ. 4 ಜಿಬಿ ಇರುವ ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಾಕಿ, 8 ಜಿಬಿ ಇದ್ದರೆ ಸಿನಮನ್.

ಝೋರಿನ್ ಕೂಡ ವಿಂಡೋಸ್ ಬಿಟ್ಟು ಬರುವವರನ್ನೇ ಕಣ್ಣಮುಂದಿಟ್ಟುಕೊಂಡದ್ದು. ಅದರ 18ನೇ ಆವೃತ್ತಿಯನ್ನು ವಿಂಡೋಸ್ 10ರ ಬೆಂಬಲ ಮುಗಿದ ದಿನವೇ ಬಿಡುಗಡೆ ಮಾಡಿದ ಜಾಣರು ಅವರು. ನೋಡಲು ಸೊಗಸು, ಆದರೆ ಹಳೆಯ ಯಂತ್ರಕ್ಕೆ ಮಿಂಟ್ ಎಕ್ಸ್‌ಎಫ್‌ಸಿಇಗಿಂತ ಭಾರ. ಉಬುಂಟುವಿನ ಮುಖ್ಯ ರೂಪದ ಪರದೆ ವಿಂಡೋಸಿನಂತಿಲ್ಲ. ಹಿರಿಯರಿಗೆ ತಬ್ಬಿಬ್ಬಾಗಬಹುದು, ಮಕ್ಕಳಿಗೆ ಏನೂ ಅನ್ನಿಸದು. ಅದನ್ನು ಆರಿಸುವುದಾದರೆ ಎರಡು ವರ್ಷಕ್ಕೊಮ್ಮೆ ಬರುವ, ಐದು ವರ್ಷ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿಯನ್ನೇ ಆರಿಸಿ. ಚೆನ್ನೈನ ಸಿಡ್ಯಾಕ್ ಕಟ್ಟಿದ ಬಾಸ್ ಎಂಬ ಭಾರತೀಯ ಡಿಸ್ಟ್ರೋ 2007ರಿಂದ ಇದೆ, ಭಾರತೀಯ ಭಾಷೆಗಳ ವ್ಯವಸ್ಥೆ ಅದರ ಹೆಮ್ಮೆ. ಆದರೂ ರಾತ್ರಿ ಒಂಬತ್ತಕ್ಕೆ ಏನೋ ಕೈಕೊಟ್ಟಾಗ ಹುಡುಕಿದರೆ ಉತ್ತರ ಸಿಗುವುದು ಉಬುಂಟು ಮತ್ತು ಮಿಂಟ್‌ಗಳದ್ದೇ ಹೆಚ್ಚು. ಹೊಸಬರ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಗುಣ. ತೀರಾ ಹಳೆಯ 32 ಬಿಟ್ ಯಂತ್ರಗಳನ್ನು ಇವರೆಲ್ಲ ಕೈಬಿಟ್ಟಾಗಿದೆ. ಆಂಟಿಎಕ್ಸ್‌ನಂಥ ಕೆಲವು ಇನ್ನೂ ನಡೆಯುತ್ತವೆ, ಆದರೆ ಅಷ್ಟು ಹಳೆಯ ಪೆಟ್ಟಿಗೆಗೆ ಶ್ರಮ ಹಾಕುವುದು ಹವ್ಯಾಸಕ್ಕಾದರೆ ಸರಿ.

ಮಕ್ಕಳು ಲಿನಕ್ಸ್ ಕಲಿತರೆ ಮುಂದೆ ತೊಂದರೆಯಾಗದೇ ಎಂಬ ಅಪ್ಪ ಅಮ್ಮಂದಿರ ಅಳುಕಿಗೆ ಉತ್ತರ ಗಡಿಯಾಚೆ ಇದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಐಟಿ ಪಾಠ ಕಲಿಯುವುದು ಲಿನಕ್ಸ್ ಮೇಲೆಯೇ, ಅದೂ ಕನ್ನಡದ ಪಠ್ಯಪುಸ್ತಕ ಹಿಡಿದು. ಕೇರಳ 2001ರ ಸುಮಾರಿಗೆ ಐಟಿ@ಸ್ಕೂಲ್ ಯೋಜನೆ ಶುರು ಮಾಡಿ, ಆ ದಶಕ ಮುಗಿಯುವುದರೊಳಗೆ ಶಾಲೆಗಳನ್ನು ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಂದಿತು. ಈಗ ಕೈಟ್ ಎಂಬ ಸಂಸ್ಥೆ ಉಬುಂಟು ಆಧರಿಸಿ ತನ್ನದೇ ಡಿಸ್ಟ್ರೋ ಕಟ್ಟಿ ಶಾಲೆಗಳಿಗೆ ಕೊಡುತ್ತದೆ. ಜಿಯೋಜೀಬ್ರಾ, ಲಿಬ್ರೆ ಆಫೀಸ್, ಇಂಕ್‌ಸ್ಕೇಪ್ ಎಲ್ಲ ಅದರೊಳಗೇ ಇರುತ್ತವೆ. 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ಹಾಕುವಾಗ, ಲೈಸೆನ್ಸ್ ಲೆಕ್ಕದಲ್ಲಿ 3,000 ಕೋಟಿ ರೂಪಾಯಿ ಉಳಿತಾಯವೆಂದು ಕೈಟ್ ಹೇಳಿಕೊಂಡಿತು. ಆ ಲೆಕ್ಕದಲ್ಲಿ ಸ್ವಲ್ಪ ಉತ್ಸಾಹ ಬೆರೆತಿರಬಹುದು. ಹತ್ತನೆಯ ತರಗತಿಯ ಹುಡುಗರು ಅದರಲ್ಲೇ ಪರೀಕ್ಷೆ ಬರೆದು ಮುಂದೆ ಹೋಗುತ್ತಿರುವುದು ಮಾತ್ರ ಕಣ್ಣಿಗೆ ಕಾಣುವ ಸಂಗತಿ.

ಕರ್ನಾಟಕವೂ ಈ ದಾರಿಯಲ್ಲಿ ಒಂದಷ್ಟು ನಡೆದಿದೆ, ಸದ್ದಿಲ್ಲದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸೇರಿ 2011ರಿಂದ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಪ್ರೌಢಶಾಲಾ ಶಿಕ್ಷಕರು ಕೈಯಿಟ್ಟದ್ದು ಉಬುಂಟುವಿನ ಮೇಲೆಯೇ. ಮುಂದೆ ಟಾಲ್ಪ್ ಎಂಬ ಶಿಕ್ಷಕರ ತಂತ್ರಜ್ಞಾನ ತರಬೇತಿಯಲ್ಲೂ ಅದೇ ಮುಂದುವರಿಯಿತು. ಉಬುಂಟು ಕಲಿಯುವ ಪಾಠಗಳು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದಲ್ಲಿ ಕನ್ನಡದಲ್ಲಿವೆ. ಹಿರೇಕೆರೂರಿನಲ್ಲೋ ಹಾನಗಲ್ಲಿನಲ್ಲೋ ಲಿನಕ್ಸ್ ಗೊತ್ತಿರುವವರನ್ನು ಹುಡುಕುವವರು ಕಂಪ್ಯೂಟರ್ ಅಂಗಡಿಗಿಂತ ಮೊದಲು ಸರ್ಕಾರಿ ಪ್ರೌಢಶಾಲೆಯ ಗಣಿತ ಅಥವಾ ವಿಜ್ಞಾನದ ಮೇಷ್ಟ್ರನ್ನು ವಿಚಾರಿಸುವುದು ಒಳ್ಳೆಯದು. ಪಕ್ಕದ ಮನೆಯಲ್ಲೋ ಊರಲ್ಲೋ ಒಬ್ಬರು ಉಬುಂಟು ಬಳಸುತ್ತಿದ್ದರೆ, ಮೇಲೆ ಹೇಳಿದ್ದೆಲ್ಲ ಬದಿಗಿಟ್ಟು ನೀವೂ ಉಬುಂಟುವನ್ನೇ ಹಾಕಿಕೊಳ್ಳಿ. ಕೇಳಿದರೆ ಎದ್ದು ಬರುವ ಒಬ್ಬ ಮನುಷ್ಯನ ಮುಂದೆ ಡಿಸ್ಟ್ರೋಗಳ ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಹಾಕುವ ಮೊದಲು ರುಚಿ ನೋಡಲು ಒಂದು 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್‌ನ ಅಧಿಕೃತ ತಾಣದಿಂದ ಸುಮಾರು 3 ಜಿಬಿ ತೂಗುವ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್ ಎಂಬ ಉಚಿತ ಸಾಧನದಿಂದ ಅದನ್ನು ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಲ್ಲಿದ್ದ ಹಾಡು, ಫೋಟೊ ಎಲ್ಲ ಅಳಿಯುತ್ತವೆ, ಮೊದಲೇ ತೆಗೆದಿಡಿ. ಯಂತ್ರ ಶುರುವಾಗುವಾಗ ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಎಲ್ಲಿಂದ ಶುರು ಮಾಡಲಿ ಎಂಬ ಪಟ್ಟಿ ಬರುತ್ತದೆ. ಪೆನ್‌ಡ್ರೈವ್ ಆರಿಸಿದರೆ ಹಾರ್ಡ್‌ಡಿಸ್ಕ್ ಮುಟ್ಟದೆ ಮಿಂಟ್ ತೆರೆದುಕೊಳ್ಳುತ್ತದೆ. ವೈಫೈ ಸಿಗುತ್ತದೆಯೇ, ಸದ್ದು ಕೇಳುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ಪ್ರಿಂಟರ್ ಕಾಗದ ಉಗುಳುತ್ತದೆಯೇ ಎಂದು ಅಲ್ಲೇ ನೋಡಿ. ಪೆನ್‌ಡ್ರೈವಿನಿಂದ ಓಡುವಾಗ ನಿಧಾನವಿರುತ್ತದೆ, ಅದನ್ನು ನೋಡಿ ತೀರ್ಮಾನಿಸಬೇಡಿ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬ್ರಾಡ್‌ಕಾಮ್ ವೈಫೈ ಮೊದಲಿಗೆ ಮುಷ್ಕರ ಹೂಡುತ್ತದೆ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಹಾಕಿದರೆ ಇಂಟರ್ನೆಟ್ ಬರುತ್ತದೆ, ಆಗ ಡ್ರೈವರ್ ಮ್ಯಾನೇಜರ್‌ನಿಂದ ಬೇಕಾದ್ದನ್ನು ಹಾಕಿಕೊಳ್ಳಬಹುದು.

ಯಂತ್ರದಲ್ಲಿ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಒಂದು ಎಸ್‌ಎಸ್‌ಡಿ ಹಾಕಿಸಿ. ಯಾವ ಡಿಸ್ಟ್ರೋ ಬದಲಿಸಿದರೂ ಸಿಗದಷ್ಟು ವೇಗ ಅದರಿಂದ ಸಿಗುತ್ತದೆ. ಹಳೆಯ ಡಿಸ್ಕನ್ನು ವಿಂಡೋಸ್ ಸಮೇತ ಹಾಗೇ ತೆಗೆದಿಟ್ಟುಕೊಂಡರೆ ಬ್ಯಾಕಪ್ಪೂ ಆದಂತಾಯಿತು.

ಒಂದೇ ಡಿಸ್ಕಿನಲ್ಲಿ ಎರಡೂ ಇರಲಿ ಎನ್ನುವವರು ಮೊದಲು ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀಲಿ ಬರೆದಿಟ್ಟುಕೊಂಡು ಎನ್‌ಕ್ರಿಪ್ಶನ್ ಆಫ್ ಮಾಡಿ, ಫಾಸ್ಟ್ ಸ್ಟಾರ್ಟ್‌ಅಪ್ಪನ್ನೂ ಆಫ್ ಮಾಡಿ. ಹೆಸ್ಕಾಂ ಕರೆಂಟನ್ನು ನಂಬಿ ಡೆಸ್ಕ್‌ಟಾಪಿನಲ್ಲಿ ಪಾರ್ಟಿಶನ್ ಬದಲಿಸಲು ಕೂರಬೇಡಿ, ಯುಪಿಎಸ್ ಬೇಕೇ ಬೇಕು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ. ಹಾಕಿಯಾದ ಮೇಲೆ ಮಿಂಟ್‌ನಲ್ಲಿರುವ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನೋ ಒತ್ತಲು ಹೋಗಿ ಏನೋ ಆದರೆ ಅದೇ ಸ್ಥಿತಿಗೆ ಮರಳಬಹುದು. ನಿಮ್ಮ ಫೋಟೊ, ದಾಖಲೆಗಳನ್ನು ಮಾತ್ರ ಅದು ತಾನಾಗಿ ಕಾಯುವುದಿಲ್ಲ, ಅವುಗಳ ಪ್ರತಿ ಬೇರೆಡೆ ಇರಲಿ.

ಇದೆಲ್ಲ ತಲೆಬೇನೆ ಎನಿಸಿ ಅಂಗಡಿಗೆ ಒಯ್ಯುವುದಾದರೂ ಪೆನ್‌ಡ್ರೈವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಿ, ಅವರು ಕೇಳುವ ದುಡ್ಡು ಕೂಲಿಯೇ ಹೊರತು ಲೈಸೆನ್ಸಿನದಲ್ಲ. ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಿ. ವಿಂಡೋಸ್ ಮತ್ತೆ ಹಾಕಿಸುವಾಗ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಆಗಿ, ಡಿ ಡ್ರೈವಿನ ಮದುವೆ ಫೋಟೊಗಳು ಉಳಿಯುವುದು ಎಲ್ಲರಿಗೂ ರೂಢಿ. ಲಿನಕ್ಸ್ ಹಾಕುವಾಗ 'ಎರೇಸ್ ಡಿಸ್ಕ್' ಎಂಬ ಆಯ್ಕೆಯನ್ನು ಒತ್ತಿಬಿಟ್ಟರೆ ಸಿ, ಡಿ, ಇ ಎಲ್ಲವೂ ಒಟ್ಟಿಗೆ ಹೋಗುತ್ತವೆ.